ಎಡಗೈಯ ತೊಟ್ಟಿಲು

ಮೊದಲ ಸಲ ಪರದೆ ನೀಲಿಯಾದದ್ದು ದಸರೆಯ ಮರುದಿನ, ಒಂದು ಲಗ್ನಪತ್ರಿಕೆಯ ನಡುವೆ. ವಧುವಿನ ಹೆಸರು ಹಾಕಿಯಾಗಿತ್ತು, ವರನ ಹೆಸರು ಬಾಕಿ ಇತ್ತು. ಎರಡರ ನಡುವೆ ಒಂದು ಕಳಸ ಕೂಡಿಸೋಣವೆಂದು ಚಿತ್ರಗಳ ಪಟ್ಟಿ ತೆರೆದೆ. ಬಾಣದ ಗುರುತು ನಿಂತಲ್ಲೇ ನಿಂತಿತು. ಆಮೇಲೆ ಇಡೀ ಪರದೆ ನೀಲಿಯಾಗಿ, ಅದರ ಮೇಲೆ ಬಿಳಿ ಅಕ್ಷರಗಳ ಸಾಲು ಮೂಡಿ, ನಾನು ಓದಿ ಮುಗಿಸುವ ಮೊದಲೇ ಕಂಪ್ಯೂಟರ್ ತಾನಾಗಿ ಆರಿ ಮತ್ತೆ ಹೊತ್ತಿಕೊಂಡಿತು. ಪತ್ರಿಕೆ ಹೋಗಿತ್ತು.

ಪಕ್ಕದ ಸ್ಟೂಲಿನ ಮೇಲೆ ಕೂತಿದ್ದ ವಧುವಿನ ತಂದೆ ಪರದೆಯನ್ನೂ ನನ್ನನ್ನೂ ನೋಡಿದರು.

‘ಏನವ್ವಾ, ಬರೋಬ್ಬರಿ ನಮ್ಮ ಅಳಿಯನ ಹೆಸರಿಗೇ ಕರೆಂಟ್ ಹೋತಲ್ಲ?’

‘ಕರೆಂಟ್ ಅಲ್ರಿ. ಮಷೀನ್ ಬಿತ್ತು.’

‘ಎಬ್ಬಸು ಮತ್ತ. ಶುಭಕಾರ್ಯದಾಗ ಬಿದ್ದದ್ದು ಹಂಗೇ ಬಿಡಬಾರದು.’

ಎಬ್ಬಿಸಿದೆ. ಮತ್ತೆ ಮೊದಲಿನಿಂದ ಟೈಪ್ ಮಾಡಿದೆ. ಅವತ್ತು ಅದು ಇನ್ನೊಮ್ಮೆ ಬಿತ್ತು, ಸಂಜೆ, ಒಂದು ಗೃಹಪ್ರವೇಶದ ಕಾರ್ಡಿನ ಮೇಲೆ.

ನನಗೆ ದಿನಚರಿ ಬರೆಯುವ ಅಭ್ಯಾಸವಿದೆ. ಮೇಲೆ ತಾರೀಖು, ಕೆಳಗೆ ಅವತ್ತು ಎಷ್ಟು ಪತ್ರಿಕೆ, ಎಷ್ಟು ಬ್ಯಾನರ್, ಎಷ್ಟು ಸಲ ಕರೆಂಟ್ ಹೋಯಿತು ಎಂಬ ಲೆಕ್ಕ. ಆ ದಿನದಿಂದ ಅದರಲ್ಲಿ ಒಂದು ಸಾಲು ಹೆಚ್ಚಾಯಿತು: ಬಿದ್ದದ್ದು ಎಷ್ಟು ಸಲ. ಮೊದಲ ವಾರ ಒಂಬತ್ತು. ಎರಡನೆಯ ವಾರ ಹದಿನೇಳು. ಅಂಕಿಯನ್ನು ಬರೆದಿಟ್ಟರೆ ಯಾವುದೋ ಒಂದು ಹಂತದಲ್ಲಿ ಅದು ಕಾರಣವನ್ನು ಹೇಳುತ್ತದೆ ಎಂದು ಆಗ ನಂಬಿದ್ದೆ.

ಬಸವಕಲ್ಯಾಣದ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿರುವ ಈ ದುಕಾನು ನನ್ನ ಕಾಕಾನದು, ಅಂದರೆ ಅಪ್ಪನ ತಮ್ಮನದು. ಡಿಪ್ಲೊಮಾ ಮುಗಿಸಿದ ಮೇಲೆ ನಾನು ಇಲ್ಲಿಯೇ ಕೆಲಸಕ್ಕೆ ಕೂತೆ. ಪತ್ರಿಕೆ, ಬ್ಯಾನರ್, ಶ್ರದ್ಧಾಂಜಲಿಯ ಕಾರ್ಡು, ಮಕ್ಕಳ ಹೆಸರಿಡುವ ಕಾರ್ಡು. ಕಾಕಾ ಕೆಲಸ ಕಲಿತ ಕಾಲದಲ್ಲಿ ನಮ್ಮ ಕಡೆಯ ಪತ್ರಿಕೆಗಳಿಗೆ ಬೇಕಾದ ಚಿತ್ರಗಳು ಎಲ್ಲಿಯೂ ಸಿಗುತ್ತಿರಲಿಲ್ಲವಂತೆ. ದೊಡ್ಡ ಊರುಗಳಿಂದ ಬರುತ್ತಿದ್ದ ಕಳಸ ನಮ್ಮ ಕಳಸದ ಹಾಗಿರಲಿಲ್ಲ, ಬಾಸಿಂಗವಂತೂ ಇರಲೇ ಇಲ್ಲ. ಆದ್ದರಿಂದ ಆತ ಒಂದೊಂದನ್ನೇ ಮೌಸಿನಿಂದ ಬರೆದು, ಎಲ್ಲವನ್ನೂ ಒಂದು ಫಾಂಟ್ ಮಾಡಿದ. ಕೀಲಿಮಣೆಯಲ್ಲಿ ಒಂದು ಅಕ್ಷರ ಒತ್ತಿದರೆ ಬಾಸಿಂಗ, ಇನ್ನೊಂದು ಒತ್ತಿದರೆ ಇಷ್ಟಲಿಂಗ, ಮತ್ತೊಂದಕ್ಕೆ ಬಾಳೆಕಂಬ. ಹುಮನಾಬಾದ, ಚಿಟಗುಪ್ಪ, ಬಸವಕಲ್ಯಾಣ, ಈ ಮೂರೂ ಊರಿನ ಡಿಸೈನ್ ದುಕಾನುಗಳಲ್ಲಿ ಅದೇ ಫಾಂಟ್. ಅದಕ್ಕೆ ಬೇರೆ ಹೆಸರೇನೋ ಇದೆ, ಆದರೆ ಕಾಕಾನನ್ನು ಅಣ್ಣ ಅನ್ನುವ ಎಲ್ಲರೂ ಹೇಳುವುದು ‘ಅಣ್ಣನ ಫಾಂಟ್’ ಎಂದೇ. ಪ್ರತಿ ವರ್ಷ ಆತ ಅದಕ್ಕೆ ಒಂದೋ ಎರಡೋ ಹೊಸ ಚಿತ್ರ ಸೇರಿಸುತ್ತಿದ್ದ. ದಸರೆಯ ದಿನ ಬನ್ನಿ ಕೊಡಲು ಹೋದಾಗ ಆ ಎಲೆಗಳ ಜೊತೆ ಪೆನ್‌ಡ್ರೈವನ್ನೂ ಒಯ್ದು, ಎಲ್ಲರ ಕಂಪ್ಯೂಟರಿಗೂ ತಾನೇ ಹಾಕಿಕೊಟ್ಟು ಬರುತ್ತಿದ್ದ. ‘ಬಂಗಾರ ತಗೊಳ್ರಿ’ ಅನ್ನುವುದು, ಎಲೆ ಕೊಡುವುದು, ಆಮೇಲೆ ‘ಮಷೀನ್ ಹಚ್ರಿ’ ಅನ್ನುವುದು. ಯಾರೂ ಅದಕ್ಕೆ ಹಣ ಕೇಳಿದ್ದಿಲ್ಲ, ಕೊಟ್ಟದ್ದೂ ಇಲ್ಲ.

ಹಿಂದಿನ ಚಳಿಗಾಲದಲ್ಲಿ ಕಾಕಾನಿಗೆ ಲಕ್ವಾ ಹೊಡೆಯಿತು. ಮಾತು ಉಳಿಯಿತು, ಕಾಲು ಎಳೆಯುತ್ತ ಎಳೆಯುತ್ತ ಹಾದಿಗೆ ಬಂತು, ಬಲಗೈ ಮಾತ್ರ ಬರಲಿಲ್ಲ. ಎಡಗೈಗೆ ಕೆಲಸ ಕೊಡಿ, ದಿನಾ ಆಡಿಸಿ ಎಂದು ಡಾಕ್ಟರು ಹೇಳಿದ್ದರು. ರಬ್ಬರಿನ ಚೆಂಡು ಹಿಚುಕಲು ಕೊಟ್ಟರೆ ಆತ ಅದನ್ನು ಓಣಿಯ ಮಕ್ಕಳಿಗೆ ಕೊಟ್ಟುಬಿಟ್ಟ. ಬಸವ ಜಯಂತಿಯ ಮರುದಿನ ದುಕಾನಿಗೆ ಬಂದು ನನ್ನನ್ನು ಎಬ್ಬಿಸಿ ತನ್ನ ಹಳೆಯ ಜಾಗದಲ್ಲಿ ಕೂತು ಎಡಗೈಯಲ್ಲಿ ಮೌಸ್ ಹಿಡಿದ.

‘ತೊಟ್ಟಲಾ ಬರೀತೀನಿ,’ ಎಂದ. ‘ನಮ್ಮ ಫಾಂಟಿನಾಗ ಎಲ್ಲಾ ಅದ, ತೊಟ್ಟಲಾ ಒಂದು ಇಲ್ಲ.’

ದಿನಕ್ಕೆ ಒಂದು ಗಂಟೆ. ಕೆಲವು ದಿನ ಒಂದು ಸರಪಳಿಯ ಕೊಂಡಿ ಮುಗಿಯುತ್ತಿತ್ತು, ಕೆಲವು ದಿನ ನಿನ್ನೆ ಬರೆದದ್ದನ್ನೇ ಅಳಿಸಿ ಏಳುತ್ತಿದ್ದ. ಮನೆಯಲ್ಲಿ ಕಾಕು, ಅಂದರೆ ಕಾಕಾನ ಹೆಂಡತಿ, ಬೇಡವೆಂದಳು. ದುಕಾನು ಬಾಡಿಗೆಗೆ ಕೊಟ್ಟುಬಿಡೋಣ, ಮನೆಯಲ್ಲಿ ಆರಾಮಾಗಿ ಇರಿ ಎಂಬುದು ಅವಳ ಮಾತು. ಆತ ನನ್ನೆದುರಿಗೇ ಅವಳಿಗೆ ಹೇಳಿದ್ದು ಇಷ್ಟು: ‘ಈ ಸೀಜನ್ನಿನಾಗ ಎಡಗೈಲಿ ಕೆಲಸಾ ಆತು ಅಂದ್ರ ನಾ ದುಕಾನದ ಮನುಷ್ಯಾ. ಆಗಲಿಲ್ಲ ಅಂದ್ರ ನೀ ಅಂದಂಗ. ಮನ್ಯಾಗ ಕೂಡ್ತೀನಿ, ಮತ್ತ ಈ ಕಡೆ ಬರಂಗಿಲ್ಲ.’

ತೊಟ್ಟಿಲು ದಸರೆಗೆ ಮುಗಿಯಿತು. ದೂರದಿಂದ ನೋಡಿದರೆ ನಿಜಕ್ಕೂ ಚೆಂದವಿತ್ತು: ನಾಲ್ಕು ಸರಪಳಿ, ಮೇಲೆ ಗಿಳಿಗಳ ಸಾಲು, ಒಳಗೆ ಸಣ್ಣ ದಿಂಬು. ಫಾಂಟ್ ಮಾಡುವ ತನ್ನ ಹಳೆಯ ಪ್ರೋಗ್ರಾಂನಲ್ಲಿ ಆತನೇ ಅದನ್ನು ಸೇರಿಸಿದ. ಊರೂರು ತಿರುಗುವ ಶಕ್ತಿ ಇರಲಿಲ್ಲವಾದ್ದರಿಂದ ಆ ವರ್ಷ ಬನ್ನಿ ಎಲೆ, ಪೆನ್‌ಡ್ರೈವ್ ಎರಡನ್ನೂ ಬಸ್ಸಿನಲ್ಲಿ ಒಯ್ದವಳು ನಾನು. ಹೋದಲ್ಲೆಲ್ಲ ಫೋಟೋ ತೆಗೆದು ಕಾಕಾನಿಗೆ ಕಳಿಸಿದೆ. ಸಂಜೆಯ ತನಕ ಆತನ ಫೋನು ಸುಮ್ಮನಿರಲಿಲ್ಲ. ‘ಎಡಗೈಲಿ ಹಿಂಗ ಬರದ್ರ ಬಲಗೈ ಯಾಕ ಬೇಕ್ರಿ ಅಣ್ಣಾರ’ ಎಂದು ಚಿಟಗುಪ್ಪದವರು ಹೇಳಿದ್ದನ್ನು ಆತ ಕಾಕುಗೆ ಎರಡು ಸಲ ಕೇಳಿಸಿದ.

ಅದರ ಮರುದಿನವೇ ಪರದೆ ನೀಲಿಯಾದದ್ದು.

ಈಗ ಎಲ್ಲವೂ ಕಣ್ಣಿಗೆ ಕಟ್ಟಿದಂತಿದೆ. ಆಗ ಕಾಣಲಿಲ್ಲ. ಯಾಕೆಂದರೆ ಖಂಡೆಪೂಜೆಯ, ಅಂದರೆ ಆಯುಧಪೂಜೆಯ, ದಿನ ನಾವು ಕಂಪ್ಯೂಟರಿಗೆ ವಿಭೂತಿ ಹಚ್ಚುವ ಮೊದಲು ಅದಕ್ಕೆ ಎರಡು ಹೊಸ ವಸ್ತು ಹಾಕಿದ್ದೆವು: ಒಂದು ಸೆಕೆಂಡ್‌ಹ್ಯಾಂಡ್ ಗ್ರಾಫಿಕ್ಸ್ ಕಾರ್ಡು, ಮತ್ತು ಡಿಸೈನ್ ಸಾಫ್ಟ್‌ವೇರಿನ ಮುಂದಿನ ಆವೃತ್ತಿ. ಕೇಳಿದವರಿಗೆಲ್ಲ ಈ ಎರಡನ್ನೇ ಹೇಳಿದೆ. ಅಣ್ಣನ ಫಾಂಟನ್ನು ಯಾರೂ ‘ಹೊಸತು’ ಎಂದು ಲೆಕ್ಕ ಹಿಡಿಯುವುದಿಲ್ಲ. ಅದು ದುಕಾನಿನ ಗೋಡೆಯ ಹಾಗೆ.

ಕಾಕಾ ನನಗೆ ಕೆಲಸ ಕಲಿಸಿದ್ದು ಹೀಗೆ: ‘ಒಂದ ಬದಲ ಮಾಡು, ನೋಡು. ಅದು ತಪ್ಪಿಲ್ಲ ಅಂದ್ರ ಮೊದಲಿನಂಗ ಮಾಡಿ ಇನ್ನೊಂದಕ್ಕ ಕೈ ಹಾಕು. ಒಮ್ಮಿಗೇ ಎರಡು ಬದಲ ಮಾಡಿದಿ ಅಂದ್ರ ಏನೂ ತಿಳಿಯಂಗಿಲ್ಲ.’ ಹಾಗೆಯೇ ಮಾಡಿದೆ. ಕಾರ್ಡಿನ ಡ್ರೈವರ್ ಬದಲಿಸಿದೆ, ಬಿತ್ತು. ಕಾರ್ಡನ್ನೇ ತೆಗೆದೆ, ಬಿತ್ತು. ರ‍್ಯಾಮ್ ಕಿತ್ತು ಅದರ ಹಳದಿ ಅಂಚನ್ನು ಪೆನ್ಸಿಲ್ ಅಳಿಸುವ ರಬ್ಬರಿನಿಂದ ಉಜ್ಜಿ ಮತ್ತೆ ಕೂಡಿಸಿದೆ. ಒಂದು ದಿನ ಸುಮ್ಮನಿತ್ತು. ಅವತ್ತು ಕಾಕಾನಿಗೆ ಚಹಾ ತರಿಸಿದೆ. ಮರುದಿನ ಬೆಳಿಗ್ಗೆ ಬಿತ್ತು.

ಪೆಟ್ಟಿಗೆ ಬಿಚ್ಚಿದಾಗ ಒಳಗಿನ ಫ್ಯಾನಿನ ರೆಕ್ಕೆಗಳ ಮೇಲೆ ಕರಿ ಜಿಡ್ಡು ಕೂತಿತ್ತು. ಬೆಳಿಗ್ಗೆ ಸಂಜೆ ನಾವು ಹಚ್ಚುವ ಊದಿನಕಡ್ಡಿ, ಗುರುವಾರದ ಲೋಬಾನ, ವರ್ಷಗಟ್ಟಲೆಯ ಹೊಗೆ. ಅದನ್ನು ಬ್ರಶ್ಶಿನಿಂದ ಬಿಡಿಸುವಾಗ ಕಾಕು ಊಟದ ಡಬ್ಬಿ ತಂದಳು.

‘ಇಷ್ಟು ದಿವಸ ಅದೇ ಹೊಗಿ ಕುಡದು ನಡದದಲ್ಲ, ಈಗ್ಯಾಕ ಕೆಮ್ಮಾಕತ್ತದ?’

‘ವಯಸ್ಸಾಗ್ಯದ ಕಾಕು.’

‘ಹಂಗಂದ್ರ ನಿಮ್ಮ ಕಾಕಾನ ಜೋಡಿ. ಇಬ್ಬರನೂ ಮನಿಗೆ ಕರಕೊಂಡು ಹೋಗ್ತೀನಿ.’

ಕಾಕಾ ನಕ್ಕ. ಊದಿನಕಡ್ಡಿಯ ಗೂಡನ್ನು ಬಾಗಿಲಿನ ಹೊರಗೆ ಇಟ್ಟೆ. ಆ ದಿನ ಬಿದ್ದದ್ದು ಮೂರು ಸಲ.

ಬಿದ್ದಾಗಲೆಲ್ಲ ಕಂಪ್ಯೂಟರ್ ಒಳಗೊಂದು ವರದಿ ಬರೆದಿಟ್ಟುಕೊಳ್ಳುತ್ತದೆ ಎಂದು ಫೋನಿನಲ್ಲಿ ಹುಡುಕಿ ತಿಳಿದುಕೊಂಡೆ. ಅದನ್ನು ತೆರೆದು ಓದುವ ಒಂದು ಚಿಕ್ಕ ಪ್ರೋಗ್ರಾಂ ಇಳಿಸಿಕೊಂಡೆ. ಆಪರೇಟಿಂಗ್ ಸಿಸ್ಟಂನ ತಿರುಳಿಗೆ ಕರ್ನಲ್ ಎನ್ನುತ್ತಾರೆ. ಉಳಿದ ಯಾವ ಪ್ರೋಗ್ರಾಂ ಬಿದ್ದರೂ ಅದೊಂದೇ ಬೀಳುತ್ತದೆ, ಕರ್ನಲ್ ಬಿದ್ದರೆ ಎಲ್ಲವೂ ಬೀಳುತ್ತದೆ. ನಮ್ಮ ವರದಿಗಳೆಲ್ಲ ಕರ್ನಲ್ಲಿನೊಳಗೆ ಪರದೆಯ ಮೇಲೆ ಬರೆಯುವ ಕೆಲಸ ಮಾಡುವ ಭಾಗವನ್ನೇ ತೋರಿಸುತ್ತಿದ್ದವು. ‘ಗ್ರಾಫಿಕ್ಸ್’ ಎಂಬ ಪದ ನೋಡಿದ್ದೇ ನಾನು ಮತ್ತೆ ಗ್ರಾಫಿಕ್ಸ್ ಕಾರ್ಡಿನ ಹಿಂದೆ ಬಿದ್ದೆ. ತೆಗೆದಿಟ್ಟಿದ್ದ ಕಾರ್ಡನ್ನು ಮಾರಿದವರಿಗೇ ವಾಪಸ್ ಕೊಟ್ಟೆ. ಸಾಫ್ಟ್‌ವೇರಿನ ಹಳೆಯ ಆವೃತ್ತಿಗೆ ಮರಳಿದೆ. ಬೀಳುವುದು ಕಡಿಮೆಯಾಯಿತು, ನಿಲ್ಲಲಿಲ್ಲ. ಕೆಲವೊಮ್ಮೆ ಚಿತ್ರಗಳ ಪಟ್ಟಿ ತೆರೆದ ಕೂಡಲೇ ಬೀಳುತ್ತಿತ್ತು, ಕೆಲವೊಮ್ಮೆ ಪಟ್ಟಿ ಮುಚ್ಚಿ ಹತ್ತು ನಿಮಿಷವಾದ ಮೇಲೆ, ಯಾರದೋ ಹೆಸರಿನ ನಡುವೆ. ಒಮ್ಮೆ ಪ್ರಿಂಟ್ ಕೊಟ್ಟಾಗ. ಒಮ್ಮೆ ನಾನು ಕೈ ಕಟ್ಟಿ ಕೂತಿದ್ದಾಗ.

ಹೊಸ ಆಪರೇಟಿಂಗ್ ಸಿಸ್ಟಂ ಹಾಕೋಣವೆಂದರೆ ನಮ್ಮ ಕನ್ನಡದ ಹಳೆಯ ಸಾಫ್ಟ್‌ವೇರು ಅದರಲ್ಲಿ ತೆರೆಯುವುದಿಲ್ಲ, ಬ್ಯಾನರ್ ಪ್ರಿಂಟರು ಮಾತು ಕೇಳುವುದಿಲ್ಲ. ಈ ಭಾಗದ ಎಲ್ಲ ದುಕಾನುಗಳೂ ಅದೇ ಹಳೆಯದರ ಮೇಲೆಯೇ ನಿಂತಿವೆ. ಕೊನೆಗೆ ಎಲ್ಲ ಅಳಿಸಿ ಅದೇ ಹಳೆಯದನ್ನು ಹೊಸದಾಗಿ ಹಾಕಿದೆ. ದೀಪಾವಳಿಗೆ ಮೊದಲು ಒಂದು ಸಲ, ಅಮಾವಾಸ್ಯೆ ಕಳೆದು ಇನ್ನೊಂದು ಸಲ. ಹೀಗೆ ಅಳಿಸಿ ಹಾಕಿದಾಗ ಯಾವುದೇ ಡಿಸೈನ್ ದುಕಾನಿನವರು ಮೊದಲು ಮಾಡುವ ಕೆಲಸ ಒಂದೇ. ಫಾಂಟುಗಳ ಫೋಲ್ಡರನ್ನು ಪೆನ್‌ಡ್ರೈವಿನಿಂದ ಒಳಗೆ ಸುರಿಯುವುದು. ಅದಿಲ್ಲದಿದ್ದರೆ ಮಷೀನಿಗೆ ಒಂದಕ್ಷರವೂ ಬರುವುದಿಲ್ಲ. ಡ್ರೈವರಿಗಿಂತ ಮೊದಲು, ಪ್ರಿಂಟರಿಗಿಂತ ಮೊದಲು. ನಾನೂ ಅದನ್ನೇ ಮಾಡಿದೆ, ಎರಡೂ ಸಲ. ಆಮೇಲೆ ಉಳಿದದ್ದನ್ನೆಲ್ಲ ಒಂದೊಂದಾಗಿ, ಬಹಳ ಶಿಸ್ತಿನಿಂದ ಪರೀಕ್ಷಿಸಿದೆ.

ಕಾಕಾ ಈ ಹೊತ್ತಿಗೆ ಎರಡನೆಯ ಚಿತ್ರಕ್ಕೆ ಕೈ ಹಾಕಿದ್ದ. ತೆಂಗಿನಕಾಯಿ ಹಿಡಿದ ಎರಡು ಅಂಗೈ. ಮಧ್ಯಾಹ್ನ ಗಿರಾಕಿಗಳು ಕಡಿಮೆಯಾದಾಗ ಕೂರುತ್ತಿದ್ದ. ಒಂದು ಬೆರಳಿನ ಗೆರೆ ಎಳೆದು ಮುಗಿಸುವಷ್ಟರಲ್ಲಿ ಪರದೆ ನೀಲಿಯಾಗುತ್ತಿತ್ತು. ಕಂಪ್ಯೂಟರ್ ಮತ್ತೆ ಹೊತ್ತಿಕೊಳ್ಳುವ ತನಕ ಎಡಗೈಯನ್ನು ಮೌಸಿನ ಮೇಲೆಯೇ ಇಟ್ಟುಕೊಂಡು, ಬಲಗೈಯನ್ನು ತೊಡೆಯ ಮೇಲೆ ಹಾಸಿಕೊಂಡು ಕಾಯುತ್ತಿದ್ದ. ಮತ್ತೆ ಅದೇ ಬೆರಳನ್ನು ಎಳೆಯಲು ಶುರುಮಾಡುತ್ತಿದ್ದ. ಎಡಗೈ ಎಷ್ಟು ನಡುಗುತ್ತದೆ ಎಂದು ನಾನು ಸರಿಯಾಗಿ ನೋಡಿದ್ದು ಆ ದಿನಗಳಲ್ಲಿ.

ಒಮ್ಮೆ ಮಾತ್ರ ಕೇಳಿದ. ‘ಮಗಳ, ಮಷೀನ್ ನೆಟ್ಟಗ ಇದ್ದಿದ್ರ ಈಗ ಇದು ಮುಗೀತಿತ್ತಲ್ಲ?’

‘ಮುಗೀತಿತ್ತು ಕಾಕಾ.’

‘ಅಂದ್ರ ತಪ್ಪು ಕೈದಲ್ಲ.’

‘ಅಲ್ಲ,’ ಎಂದೆ.

ತುಳಸಿ ಲಗ್ನ ಮುಗಿಯಿತು. ಮದುವೆಗಳು ಶುರುವಾದವು. ಹಳೆಯ ಗಿರಾಕಿಗಳು ಬಂದು, ಮಷೀನ್ ಒಮ್ಮೆ ಬೀಳುವುದನ್ನು ನೋಡಿ, ಮುಜುಗರದಿಂದ ‘ಆಮ್ಯಾಲ ಬರ್ತೀವ್ರಿ’ ಎಂದು ಎದ್ದು ಪಕ್ಕದ ಓಣಿಗೆ ಹೋಗತೊಡಗಿದರು. ಕಾಕು ದುಕಾನಿನ ಬಾಡಿಗೆಯ ಮಾತನ್ನು ಮತ್ತೆ ತೆಗೆದಳು. ಈ ಸಲ ಕಾಕಾ ಡಬ್ಬಿಯ ಮುಚ್ಚಳ ಹಾಕಿ ಮತ್ತೆ ಮೌಸ್ ಹಿಡಿದ.

ಹುಮನಾಬಾದಿನಲ್ಲಿ ಕಾಕಾನ ಹಳೆಯ ಗೆಳೆಯರೊಬ್ಬರ ದುಕಾನಿದೆ. ಅವರನ್ನು ನಾನು ಚಾಚಾ ಅನ್ನುತ್ತೇನೆ. ಇಬ್ಬರೂ ಹುಡುಗರಾಗಿದ್ದಾಗ ಒಂದೇ ಮಾಲಕರ ಹತ್ತಿರ ಸ್ಕ್ರೀನ್ ಪ್ರಿಂಟಿಂಗ್ ಕಲಿತವರು. ನಮ್ಮ ಕಂಪ್ಯೂಟರೂ ಅವರದೂ ಒಂದೇ ದಿನ, ಒಂದೇ ಕಡೆಯಿಂದ ತಂದ ಜೋಡಿ. ‘ನಿಮ್ಮದೂ ಬೀಳಾಕತ್ತದೇನ್ರಿ?’ ಎಂದು ದೀಪಾವಳಿಯ ಹೊತ್ತಿಗೆ ಫೋನ್ ಮಾಡಿ ಕೇಳಿದ್ದೆ. ‘ಇಲ್ಲ ಬೇಟಿ, ನಮ್ಮ ಕಡಿ ಅಂಥಾದ್ದೇನಿಲ್ಲ,’ ಎಂದಿದ್ದರು. ಎಲ್ಲ ದಾರಿಯೂ ಮುಗಿದ ಮೇಲೆ ನನ್ನ ಹಾರ್ಡ್‌ಡಿಸ್ಕನ್ನು ಬಿಚ್ಚಿ, ಟವೆಲಿನಲ್ಲಿ ಸುತ್ತಿ, ಸ್ಟೀಲ್ ಡಬ್ಬಿಯಲ್ಲಿಟ್ಟುಕೊಂಡು ಬಸ್ ಹತ್ತಿದೆ. ಅದನ್ನು ಅವರ ಕಂಪ್ಯೂಟರಿನಲ್ಲಿ ಹಾಕಿದಾಗ ಬೀಳದಿದ್ದರೆ ನಮ್ಮ ಪೆಟ್ಟಿಗೆಯದೇ ದೋಷ. ಬೀಳುವುದಾದರೆ ದೋಷ ಡಿಸ್ಕಿನಲ್ಲಿ ನಾನು ಹಾಕಿದ್ದರದು. ಇಷ್ಟು ಸರಳವಾದ ಪರೀಕ್ಷೆ ಇಷ್ಟು ತಡವಾಗಿ ಯಾಕೆ ಹೊಳೆಯಿತೆಂದು ಹೆದ್ದಾರಿಯುದ್ದಕ್ಕೂ ನನ್ನ ಮೇಲೇ ಸಿಟ್ಟಾಗಿದ್ದೆ.

ಚಾಚಾ ಡಬ್ಬಿ ನೋಡಿ, ‘ಏನ ತಂದೀ? ಹೋಳಿಗಿ?’ ಎಂದರು.

‘ಡಿಸ್ಕ್ ಚಾಚಾ.’

‘ಅಯ್ಯ, ನಾ ಹಸಿದು ಕೂತೀನಿ.’

ಅವರ ಡಿಸ್ಕ್ ತೆಗೆದು ನನ್ನದನ್ನು ಜೋಡಿಸಿದೆವು. ಚಿತ್ರಗಳ ಪಟ್ಟಿ ತೆರೆದೆ. ಪರದೆ ನೀಲಿಯಾಯಿತು. ಇನ್ನೊಮ್ಮೆ ಮಾಡಿದೆ, ಇನ್ನೊಮ್ಮೆ ಬಿತ್ತು. ಅಂದರೆ ನಮ್ಮ ಪೆಟ್ಟಿಗೆಯ ದೋಷವಲ್ಲ. ನಾನು ಖುಷಿಯಾಗಬೇಕಿತ್ತು. ಚಾಚಾ ಮಾತ್ರ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸುತ್ತ ನಿಂತಿದ್ದರು. ಅವರಿಗೆ ಆಶ್ಚರ್ಯವಾಗಿರಲಿಲ್ಲ.

‘ಬೇಟಿ, ಆ ಹೊಸಾ ಫಾಂಟ್ ತಗದು ನೋಡು ಒಂದ ಸಲಾ,’ ಎಂದರು.

‘ಯಾವುದು?’

‘ದಸರಾಕ್ಕ ನೀ ತಂದಿದ್ದು.’

ತೆಗೆದೆ. ಅದರ ಜಾಗದಲ್ಲಿ ಅವರ ಹತ್ತಿರವಿದ್ದ ಹಿಂದಿನ ವರ್ಷದ ಅಣ್ಣನ ಫಾಂಟ್ ಹಾಕಿದೆ. ಪಟ್ಟಿ ತೆರೆದೆ, ಮುಚ್ಚಿದೆ, ತೆರೆದೆ. ಕಳಸ ಹಾಕಿದೆ, ಬಾಸಿಂಗ ಹಾಕಿದೆ, ಪ್ರಿಂಟ್ ಕೊಟ್ಟೆ. ಏನೂ ಆಗಲಿಲ್ಲ. ಊಟದ ಹೊತ್ತು ಮೀರುವ ತನಕ ಕೂತೆ. ಏನೂ ಆಗಲಿಲ್ಲ.

‘ನಿಮ್ಮದೂ ಬಿದ್ದಿತ್ತೇನು?’

‘ದಸರಾದ ಮರುದಿವಸ ಬಿತ್ತು. ಎರಡ ದಿನಾ ಬಿತ್ತು. ನನಗೇನ್ ತಿಳೀತದ ಇದರಾಗ, ಹಿಂದಿನ ವರ್ಷದ ಫೋಲ್ಡರ್ ಇತ್ತು, ಅದನ ಹಾಕ್ಕೊಂಡೆ. ನಿಂತುಬಿಡ್ತು.’

‘ಮತ್ತ ನಾ ಫೋನ್ ಮಾಡಿದಾಗ?’

‘ಏನ್ ಹೇಳಬೇಕಿತ್ತು? ನಿನ್ನ ಕಾಕಾ ಆರು ತಿಂಗಳ ಕೂತು ಬರದಿದ್ದು ಹಾಕಿದ್ರ ನಮ್ಮ ಮಷೀನ್ ಸಾಯ್ತದ ಅಂತ? ನೀನ ಹೇಳು, ಹ್ಯಾಂಗ ಹೇಳಲಿ?’

‘ನಾವು ಇಷ್ಟು ದಿನಾ—’

‘ಗೊತ್ತದ ಬೇಟಿ.’ ಕನ್ನಡಕ ಹಾಕಿಕೊಂಡರು. ‘ನೀ ಹುಷಾರ್ ಇದ್ದೀ, ಇವತ್ತಿಲ್ಲ ನಾಳೆ ಸಿಗ್ತದ, ಸುಮ್ಮನ ತಗದು ಹಾಕ್ತೀ, ಅವನಿಗೆ ತಿಳಿಯಂಗಿಲ್ಲ ಅಂದ್ಕೊಂಡೆ.’

ಅವರು ಊಟ ಹಾಕಿಸಿದರು. ಏನು ಉಂಡೆನೋ ನೆನಪಿಲ್ಲ. ಬಸ್ಸಿನಲ್ಲಿ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು, ಕಾಕಾನಿಗೆ ಏನು ಹೇಳಬೇಕೆಂದು ಯೋಚಿಸುತ್ತ ಬಂದೆ. ‘ಚಾಚಾ ಏನಂದ?’ ಎಂದು ಕಾಕಾ ಕೇಳಿದಾಗ, ‘ಡಿಸ್ಕಿನಾಗ ಏನೋ ಅದ ಅಂದ್ರು, ನೋಡ್ತೀನಿ’ ಎಂದೆ.

ಮರುದಿನ ಕಾಕಾ ಬರುವ ಮೊದಲು ಫಾಂಟನ್ನು ಬಿಚ್ಚಿ ತೊಟ್ಟಿಲನ್ನು ದೊಡ್ಡದು ಮಾಡಿ ನೋಡಿದೆ. ಕಂಪ್ಯೂಟರಿನಲ್ಲಿ ಗೆರೆ ಎಂದರೆ ಬಿಂದುಗಳ ನಡುವೆ ಎಳೆದ ದಾರ. ಕಾಕಾ ಬಲಗೈಯಲ್ಲಿ ಬರೆದ ಕಳಸದಲ್ಲಿ ಬಿಂದುಗಳು ಎಣಿಸುವಷ್ಟಿದ್ದವು, ಒಂದೊಂದೂ ಇರಬೇಕಾದಲ್ಲಿಯೇ ಇತ್ತು. ತೊಟ್ಟಿಲಿನಲ್ಲಿ ಅವು ಇರುವೆಗಳ ಹಾಗೆ ಮುತ್ತಿದ್ದವು. ಕೈ ಅಲುಗಿದಲ್ಲೆಲ್ಲ ಒಂದು ಬಿಂದು. ಒಂದೊಂದು ಕೊಂಡಿಯಲ್ಲಿ ನೂರಾರು, ಗೆರೆ ತನ್ನನ್ನೇ ದಾಟಿ, ಹಿಂದೆ ಬಂದು, ಮತ್ತೆ ದಾಟಿ. ಫಾಂಟಿನ ತಲೆಬರಹದಲ್ಲಿ ಒಂದು ಅಂಕಿ ಇರುತ್ತದೆ: ನನ್ನೊಳಗಿನ ಅತಿ ದೊಡ್ಡ ಚಿತ್ರಕ್ಕೆ ಇಷ್ಟು ಬಿಂದು ಎಂದು. ಕರ್ನಲ್ ಅದನ್ನು ನಂಬಿ ಅಷ್ಟೇ ಜಾಗ ತೆಗೆದಿಡುತ್ತದೆ. ಕಾಕಾನ ಹಳೆಯ ಪ್ರೋಗ್ರಾಂ ಆ ಅಂಕಿಯನ್ನು ಬದಲಿಸಿರಲಿಲ್ಲ, ಅದು ಹಿಂದಿನ ವರ್ಷಗಳ ಚಿತ್ರಗಳ ಅಂಕಿಯಾಗಿಯೇ ಉಳಿದಿತ್ತು. ಪಟ್ಟಿ ತೆರೆದಾಗಲೆಲ್ಲ ಉಳಿದ ಚಿತ್ರಗಳ ಜೊತೆ ಪರದೆಗೆ ಬರುತ್ತಿದ್ದ ತೊಟ್ಟಿಲು ಆ ಜಾಗವನ್ನು ತುಂಬಿ, ಹೊರಗೆ ಚೆಲ್ಲಿ, ಪಕ್ಕದಲ್ಲಿ ಏನಿತ್ತೋ ಅದರ ಮೇಲೆಲ್ಲ ಬಿಂದುಗಳನ್ನು ಬರೆಯುತ್ತಿತ್ತು. ಹಾಳಾದದ್ದು ತಕ್ಷಣ ಬೇಕಾದ ವಸ್ತುವಾದರೆ ತಕ್ಷಣ ಬೀಳುತ್ತಿತ್ತು, ಇಲ್ಲವಾದರೆ ಅದು ಬೇಕಾದಾಗ.

ಸರಿಪಡಿಸಲು ನೋಡಿದೆ. ಆ ಅಂಕಿಯನ್ನು ತಿದ್ದಲು ಹಳೆಯ ಪ್ರೋಗ್ರಾಂನಲ್ಲಿ ದಾರಿ ಇರಲಿಲ್ಲವಾದ್ದರಿಂದ ಒಂದು ಹೊಸ ಪ್ರೋಗ್ರಾಂ ತಂದು ಅದರಲ್ಲಿ ತೆರೆದೆ. ದಾಟಿದ ಗೆರೆಗಳು ಹೆಚ್ಚಾಗಿವೆ ಎಂದು ಅದು ತೊಟ್ಟಿಲೊಂದನ್ನು ಬಿಟ್ಟು ಉಳಿದ ಫಾಂಟನ್ನು ಉಳಿಸಿಕೊಟ್ಟಿತು. ಬಿಂದುಗಳನ್ನು ಕಡಿಮೆ ಮಾಡು ಎಂದೆ. ಸ್ವಲ್ಪ ಕಡಿಮೆ ಮಾಡಿದರೆ ಹಾಗೇ ಬೀಳುತ್ತಿತ್ತು, ಬಹಳ ಕಡಿಮೆ ಮಾಡಿದರೆ ಸರಪಳಿಗಳು ಕರಗಿ ತಂತಿಯಾಗುತ್ತಿದ್ದವು, ಗಿಳಿಗಳು ಉಂಡೆಯಾಗುತ್ತಿದ್ದವು. ಕೊನೆಗೆ ಅದರ ಮೇಲೆಯೇ ನಾನೇ ಹೊಸದಾಗಿ ಎಳೆದೆ, ಒಂದು ಬೆಳಿಗ್ಗೆ ಸಾಕಾಯಿತು. ಫಾಂಟಿಗೆ ಹಾಕಿದೆ, ಬೀಳಲಿಲ್ಲ. ಅದನ್ನು ಕಾಕಾನ ತೊಟ್ಟಿಲು ಎಂದು ತೋರಿಸಿಬಿಡಬಹುದಿತ್ತು. ಆದರೆ ಗಿಳಿಯ ಕೊಕ್ಕು ನೋಡಿದರೆ ಯಾರಿಗಾದರೂ ತಿಳಿಯುತ್ತದೆ, ಆತನಿಗೆ ತಿಳಿಯದಿರುತ್ತದೆಯೇ. ಅಳಿಸಿದೆ. ಹಿಂದಿನ ವರ್ಷದ ಫಾಂಟ್ ಹಾಕಿ ಕೆಲಸ ಶುರುಮಾಡಿದೆ.

ದಿನಚರಿಯಲ್ಲಿ ‘ಬಿದ್ದದ್ದು’ ಎಂಬುದರ ಮುಂದೆ ಸೊನ್ನೆ ಬರೆದ ಮೂರನೆಯ ದಿನ ಕಾಕಾ ಕೇಳಿದ.

‘ಬೀಳವಲ್ದಲ್ಲ.’

‘ಹೌದು.’

‘ಏನ ಬದಲ ಮಾಡಿದಿ?’

ನಾನು ಪ್ರಿಂಟರಿಗೆ ಹಾಳೆ ಹಾಕುತ್ತ ನಿಂತೆ. ಹಾಳೆ ಆಗಲೇ ತುಂಬಿತ್ತು.

‘ಒಂದ ಬದಲ ಮಾಡೀದಿ, ಅಲ್ಲೇನು? ನಾ ಕಲಿಸಿದ್ದು ಹಂಗ. ಅದ್ಯಾವುದು ಅಂತ ಹೇಳು.’

‘ಕಾಕಾ, ಏನೋ ಒಂದು—’

‘ಹೇಳವ್ವಾ.’

ಹೇಳಿದೆ. ಪ್ರೋಗ್ರಾಂ ಹಳೆಯದು, ಅದು ಅಂಕಿ ತಪ್ಪು ಬರೆದಿದೆ, ತಪ್ಪು ಪ್ರೋಗ್ರಾಂನದು ಎಂದು ಹೇಳಿದೆ. ಅದು ನಿಜವೂ ಹೌದು. ಆತ ಕೇಳಿಸಿಕೊಂಡ. ಆಮೇಲೆ ‘ಏಳು’ ಎಂದು ನನ್ನನ್ನು ಎಬ್ಬಿಸಿ ಕೂತ. ಪೆನ್‌ಡ್ರೈವಿನಿಂದ ತೊಟ್ಟಿಲಿನ ಫಾಂಟನ್ನು ತಾನೇ ಹಾಕಿದ. ಪಟ್ಟಿ ತೆರೆದ. ಪರದೆ ನೀಲಿಯಾಯಿತು. ಕಾದ. ತೆಗೆದ, ಹಿಂದಿನ ವರ್ಷದ್ದು ಹಾಕಿದ. ಪಟ್ಟಿ ತೆರೆಯಿತು. ಮತ್ತೆ ತೊಟ್ಟಿಲಿನದು ಹಾಕಿದ. ನೀಲಿಯಾಯಿತು. ನನಗೆ ಬೇಡವೆನ್ನಿಸುವಷ್ಟು ಸಲ ಮಾಡಿದ.

‘ಆ ಬಿಂದು ತೋರ್ಸು.’

ಕರ್ನಲ್ಲಿಗೆ ಹೋಗದ ಹಾಗೆ ಫಾಂಟ್ ಬಿಚ್ಚುವ ಪ್ರೋಗ್ರಾಂನಲ್ಲಿ ತೆರೆದು ತೋರಿಸಿದೆ. ದೊಡ್ಡದು ಮಾಡು ಎಂದ, ಮಾಡಿದೆ. ಇನ್ನೂ ಎಂದ. ಒಂದು ಕೊಂಡಿ ಇಡೀ ಪರದೆ ತುಂಬಿತು.

‘ಭಾಳ ಅದಾವಲ್ಲ,’ ಎಂದ. ಆಮೇಲೆ, ‘ಕೈ ಎಷ್ಟ ಸಲಾ ನಡುಗ್ತು ಅಂತ ಒಂದೂ ಬಿಡದಂಗ ಬರದು ಇಟ್ಟದ ನೋಡು. ನಿನ್ನ ಡೈರಿಗಿಂತ ಹುಷಾರ್ ಅದ.’

ನಾನು ಕೊಂಡಿಯನ್ನು ಮತ್ತೆ ಚಿಕ್ಕದು ಮಾಡಲು ಹೋದೆ, ಇರಲಿ ಎಂದ.

‘ಎಲ್ಲಾರ ಮಷೀನೂ ಬೀಳಾಕತ್ತಿರಬೇಕು,’ ಎಂದ. ‘ಪಾಪ, ಸೀಜನ್ ಅದ. ಫೋನ್ ಹಚ್ಚು. ತಗೀರಿ ಅಂತ ನಾನ ಹೇಳ್ತೀನಿ.’

ಫೋನನ್ನು ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟೆ. ಮೊದಲು ಚಿಟಗುಪ್ಪ. ಕಾಕಾ ‘ಆ ಹೊಸಾ ಫಾಂಟ್ ಜರಾ ತಗದುಬಿಡ್ರಿ, ಅದರಾಗ ಖರಾಬಿ ಅದ’ ಎಂದ ಕೂಡಲೇ ಆ ಕಡೆಯಿಂದ, ‘ಅಯ್ಯ, ಅದನ ಯಾವಾಗೋ ತಗದೀವ್ರಿ ಅಣ್ಣಾರ, ನೀವೇನ್ ಫಿಕರ್ ಮಾಡಬ್ಯಾಡ್ರಿ’ ಎಂದರು. ಎಂದ ಮೇಲೆ, ಹೇಳಬಾರದ್ದು ಹೇಳಿದೆವೆಂದು ಅವರಿಗೂ ತಿಳಿಯಿತು. ಆರೋಗ್ಯ ಹೇಗಿದೆ ಎಂದು ಕೇಳಿದರು. ಆರಾಮ ಎಂದ. ಆಮೇಲೆ ನಮ್ಮೂರಿನವೇ ಎರಡು ದುಕಾನು. ಒಬ್ಬರು ತೆಗೆದಿದ್ದರು, ಇನ್ನೊಬ್ಬರು ಬಳಸಿಯೇ ಇರಲಿಲ್ಲ, ಪೆನ್‌ಡ್ರೈವಿನಿಂದ ನಾನು ಹಾಕಿಕೊಟ್ಟ ಸಂಜೆಯೇ ಅಳಿಸಿದ್ದರಂತೆ, ಜಾಗ ಇರಲಿಲ್ಲವೆಂದು.

ಕೊನೆಗೆ ಹುಮನಾಬಾದ. ನಾನು ಚಾಚಾಗೆ ಮೊದಲೇ ಒಂದು ಮಾತು ತಿಳಿಸಬೇಕಿತ್ತು. ತಿಳಿಸಿರಲಿಲ್ಲ.

‘ನಿನ್ನ ಮಷೀನ್ ಹ್ಯಾಂಗದ?’ ಎಂದ ಕಾಕಾ. ಫಾಂಟಿನ ಹೆಸರನ್ನು ತೆಗೆಯಲಿಲ್ಲ.

‘ಫಸ್ಟ್ ಕ್ಲಾಸ್!’ ಚಾಚಾನ ದನಿ ಇಡೀ ದುಕಾನಿಗೆ ಕೇಳಿಸಿತು. ‘ನಿನ್ನ ತೊಟ್ಟಲಾ ಇವತ್ತೂ ಒಂದು ಕಾರ್ಡಿಗೆ ಹಾಕೀನಿ ನೋಡು. ಗಿರಾಕಿ ಭಾಳ ಖುಷ್ ಆದ. ಯಾರು ಬರದಿದ್ದು ಅಂತ ಕೇಳ್ದ. ನಮ್ಮ ದೋಸ್ತ ಅಂದೆ.’

ಕಾಕಾ ಫೋನನ್ನು ನೋಡುತ್ತ ಕೂತಿದ್ದ. ಪರದೆಯ ಮೇಲೆ ಆ ಕೊಂಡಿ ಹಾಗೆಯೇ ಇತ್ತು.

‘ಎರಡನೇದು ಯಾವಾಗ ಕಳಸ್ತೀ?’ ಎಂದರು ಚಾಚಾ.

‘ಕಳಸ್ತೀನಿ,’ ಎಂದ ಕಾಕಾ. ‘ಇಡ್ತೀನಿ ಈಗ. ಗಿರಾಕಿ ಬಂದಾರ.’

ಯಾರೂ ಬಂದಿರಲಿಲ್ಲ. ಎಡಗೈಯ ಬೆರಳಿನಿಂದ ಫೋನ್ ಮುಚ್ಚಲು ಹೋದ. ಗುರಿ ತಪ್ಪಿ ಎರಡು ಸಲ ಬೇರೆ ಎಲ್ಲೋ ಒತ್ತಿದ. ಆ ಕಡೆ ಚಾಚಾ ಇನ್ನೂ ಹಲೋ ಹಲೋ ಅನ್ನುತ್ತಿದ್ದರು. ನಾನೇ ಮುಚ್ಚಿದೆ. ಆತ ಎದ್ದು, ಚಪ್ಪಲಿ ಹುಡುಕಿ ಮೆಟ್ಟಿಕೊಂಡು, ಕಾಲೆಳೆಯುತ್ತ ಓಣಿಗಿಳಿದ. ನಾನು ಜೊತೆಗೆ ಹೋಗಲು ಎದ್ದರೆ ‘ಕೂಡು, ಕೆಲಸಾ ಅದ’ ಎಂದ.

ಅದಾದ ಮೇಲೆ ಆತ ದುಕಾನಿಗೆ ಬಂದಿಲ್ಲ. ತೆಂಗಿನಕಾಯಿ ಹಿಡಿದ ಅಂಗೈ ಮೂರು ಬೆರಳಿಗೆ ನಿಂತಿದೆ, ಆ ಫೈಲನ್ನು ನಾನು ಮುಟ್ಟಿಲ್ಲ. ಈ ಸಂಕ್ರಾಂತಿ ಕಳೆದ ಮೇಲೆ ದುಕಾನು ನೋಡಲು ಇಬ್ಬರು ಬಂದಿದ್ದರು. ಬಟ್ಟೆಯ ವ್ಯಾಪಾರ ಮಾಡುತ್ತಾರಂತೆ, ಗೋಡೆಗಳನ್ನು ಅಳೆದು ಹೋದರು. ಕಾಕು ಈಗ ಡಬ್ಬಿಯನ್ನು ನನ್ನೊಬ್ಬಳಿಗೇ ತರುತ್ತಾಳೆ.

‘ಮಷೀನ್ ಆರಾಮ ಅದಲ್ಲ?’ ಎಂದು ಕೇಳುತ್ತಾಳೆ.

‘ಆರಾಮ ಅದ ಕಾಕು.’

‘ಅವರಿಗೂ ಹಂಗೇ ಹೇಳ್ತೀನಿ,’ ಎನ್ನುತ್ತಾಳೆ. ಹೇಳಿದರೆ ಕಾಕಾ ಹೂಂ ಅನ್ನುತ್ತಾನಂತೆ, ಮತ್ತೇನೂ ಕೇಳುವುದಿಲ್ಲವಂತೆ.